ಹನ್ನೊಂದು ಕಾಯಿ ಹೊತ್ತು ಓಡಿದ ಅಮರಗುಂಡಪ್ಪ

ಮಸ್ಕಿಯಲ್ಲಿ ಮನುಷ್ಯ ಓಡಬೇಕಾದರೆ ಕಾರಣ ಇರಬೇಕು. ಹೋರಿ ಹಗ್ಗ ಹರಕೊಂಡಿರಬೇಕು, ಇಲ್ಲ ಬಸ್ಸು ಬಿಡುತ್ತಿರಬೇಕು, ಇಲ್ಲ ಹೊಟ್ಟೆ ಕೆಟ್ಟಿರಬೇಕು. ಈ ಮೂರರಲ್ಲಿ ಒಂದೂ ಇಲ್ಲದೆ, ಹಿಂದೆ ಯಾರೂ ಅಟ್ಟದೆ, ಮುಂದೆ ಯಾರೂ ಕರೆಯದೆ, ನಲವತ್ತೊಂಬತ್ತು ವರ್ಷದ ಗೃಹಸ್ಥನೊಬ್ಬ ಸಿಂಧನೂರು ರಸ್ತೆಯ ಮೇಲೆ ಓಡತೊಡಗಿದರೆ ಊರು ಸುಮ್ಮನೆ ಕೂರುವುದಿಲ್ಲ. ಕೂರಲೂ ಬಾರದು. ಊರು ಅಂತ ಇರುವುದೇ ಅದಕ್ಕೆ.

ಆ ಗೃಹಸ್ಥ ಅಮರಗುಂಡಪ್ಪ. ಬಸ್ ನಿಲ್ದಾಣದ ಹಿಂದೆ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಕೂತಲ್ಲಿ ಕೂರುವ ಜಾಯಮಾನ ಅವನದಲ್ಲ. ಗಲ್ಲಾದ ಹಿಂದೆ ಕೂತರೆ ಬಲಗಾಲು ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಕಾಲು ಕುಣಿದರೆ ಮೇಜು ಕುಣಿಯುತ್ತಿತ್ತು, ಮೇಜು ಕುಣಿದರೆ ಅದರ ಮೇಲಿನ ತೂಕದ ಯಂತ್ರದಲ್ಲಿ ಅಂಕಿಗಳು ಹಿಂದೆ ಮುಂದೆ ಆಡುತ್ತಿದ್ದವು. "ಸಾವ್ಕಾರ್ರ, ಮೊದಲ ನಿಮ್ಮ ಕಾಲು ನಿಲ್ಲಸ್ರಿ, ಆಮ್ಯಾಗ ಬೀಜ ತೂಗ್ರಿ," ಅನ್ನುತ್ತಿದ್ದರು ರೈತರು. ಕಾಲು ಹಿಡಿದುಕೊಂಡರೆ ಕೈ ಕುಣಿಯುತ್ತಿತ್ತು. ಅವನಾದರೂ ಏನು ಮಾಡಿಯಾನು?

ಇಷ್ಟು ಚಡಪಡಿಸುವ ಮನುಷ್ಯ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ ಅನ್ನುವುದು ಮಾತ್ರ ದೇವರ ತಮಾಷೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಲಿಂಗಸುಗೂರಿನಲ್ಲಿ ಅವನ ಮದುವೆ. ಮುಹೂರ್ತ ಮಧ್ಯಾಹ್ನ ಹನ್ನೆರಡಕ್ಕೆ. ಮದುಮಗ ಬಂದದ್ದು ನಾಲ್ಕಕ್ಕೆ. ಬಾಸಿಂಗ ಮನೆಯಲ್ಲೇ ಮರೆತೆನೆಂದು ಅರ್ಧ ದಾರಿಯಿಂದ ಜೀಪು ತಿರುಗಿಸಿಕೊಂಡು ಹೋಗಿದ್ದ. ದಾರಿಯಲ್ಲಿ ಎರಡು ಸಲ ಗಾಲಿ ಪಂಕ್ಚರು. ಮನೆಯೆಲ್ಲ ಹುಡುಕಿ ನೋಡಿದರೆ ಬಾಸಿಂಗ ಜೀಪಿನಲ್ಲೇ, ಅವನ ಸೋದರಮಾವನ ತೊಡೆಯ ಮೇಲಿತ್ತು. ಅಷ್ಟರಲ್ಲಿ ಹಂದರದ ಕೆಳಗೆ ಜನರ ಮುಷ್ಟಿಯಲ್ಲಿದ್ದ ಅಕ್ಷತೆ ಬೆವರಿಗೆ ನೆನೆದು, ಗಾಳಿಗೆ ಒಣಗಿ, ಕೆಲವರ ಕೈಯಲ್ಲಂತೂ ಅರ್ಧಕ್ಕರ್ಧ ಉದುರಿಹೋಗಿತ್ತು. ಅಂದಿನಿಂದ ಅವನ ಹೆಂಡತಿ ಕಸ್ತೂರೆಮ್ಮನ ತವರಿನಲ್ಲಿ ಅದೊಂದು ಗಾದೆಯೇ ಆಯಿತು. ಅನ್ನ ತಡವಾದರೆ, ಬಸ್ಸು ತಡವಾದರೆ, ಮಳೆ ತಡವಾದರೆ, "ಅಕ್ಷತಿ ಒಣಗಾಕತ್ತಾವಪಾ!" ಎಂದು ಒಬ್ಬರು ಅನ್ನುವುದು, ಉಳಿದವರು ನಗುವುದು. ಅಮರಗುಂಡಪ್ಪನೂ ನಗುತ್ತಿದ್ದ. ನಗುವಾಗ ಅವನ ಕಾಲು ಜೋರಾಗಿ ಕುಣಿಯುತ್ತಿತ್ತು.

ಈ ಸಲ ಕಸ್ತೂರೆಮ್ಮನ ತಮ್ಮ ಚನ್ನವೀರನ ಕೂಸಿಗೆ ತೊಟ್ಟಿಲು. ಗಂಡ-ಹೆಂಡತಿ ಲಿಂಗಸುಗೂರಿಗೆ ಹೋದರು. ತಡವಾಗಿ ಹೋದರೆಂದು ಬೇರೆ ಹೇಳಬೇಕಾಗಿಲ್ಲ.

"ಬರ್ರಿ ಮಾಮಾ, ಬರ್ರಿ," ಎಂದಳು ಕಸ್ತೂರೆಮ್ಮನ ತಂಗಿ ಭಾಗ್ಯಶ್ರೀ, ಸಿಂಧನೂರಿಗೆ ಕೊಟ್ಟವಳು. "ಕೂಸು ತೊಟ್ಟಿಲಾ ಬಿಟ್ಟು ಸಾಲಿಗೆ ಹೋಗೋ ಹೊತ್ತಾತು."

ಚನ್ನವೀರ ಹೈಸ್ಕೂಲು ಮಾಸ್ತರ. ಹುಬ್ಬಳ್ಳಿಯಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಡಿ ಮೆಡಲು ತಂದಿದ್ದ. ಅದನ್ನು ಎಲ್ಲಿ ಹಾಕಿದರೆ ಎಲ್ಲರಿಗೂ ಕಂಡೀತು ಎಂದು ಯೋಚಿಸಿ, ತೀರಿಹೋದ ತಂದೆಯ ಫೋಟೋಕ್ಕೆ ಗಂಧದ ಹಾರದ ಮೇಲೆ ತೂಗುಹಾಕಿದ್ದ. ತಿಳಿಯದವರು ನೋಡಿದರೆ ಹಿರಿಯರೇ ಓಡಿ, ಮುಟ್ಟಿ, ಅಲ್ಲಿಂದ ಹಾಗೇ ಹೋದರು ಅಂದುಕೊಳ್ಳಬೇಕು.

"ಓಟ ಅಂದ್ರ ಬರೇ ಕಾಲಿಂದಲ್ಲ ಮಾಮಾ," ಎಂದ ಚನ್ನವೀರ, ಹೋಳಿಗೆ ಬಡಿಸಿದ ಪಂಕ್ತಿಯ ನಡುವೆ ನಿಂತು. "ಓಡಾಕ ಒಂದು ಉದ್ದೇಶ ಬೇಕು. ಯಾಕ ಓಡತೀನಿ ಅನ್ನೋದು ಗೊತ್ತಿದ್ದವಗ ಅಷ್ಟ ದೂರ ಹೋಗಾಕ ಆಗತೈತಿ. ನಿಮ್ಮಂಥವರಿಗೆ ತಿಳಿಯಂಗಿಲ್ಲ ಬಿಡ್ರಿ."

ಅಮರಗುಂಡಪ್ಪನ ಬಾಯಲ್ಲಿ ಹೋಳಿಗೆ ಇತ್ತು. ಅದನ್ನು ನುಂಗಿ ಸುಮ್ಮನಿದ್ದಿದ್ದರೆ ಈ ಕತೆಯೇ ಇಲ್ಲ.

"ಅದರಾಗೇನೈತಿ? ನಾನೂ ದಿನಾ ಮುಂಜಾನಿ ಹತ್ತು ಕಿಲೋಮೀಟರ್ ಓಡತೀನಿ," ಎಂದುಬಿಟ್ಟ.

ತೊಟ್ಟಿಲ ಹಾಡು ನಿಂತಿತು. ತೊಟ್ಟಿಲೂ ನಿಂತಿತು. ನಾಲ್ಕು ಮನೆ ಆಚೆಯಿಂದ ಹಾಲು ತರಲು ಮೋಟರ್ ಸೈಕಲ್ ಹತ್ತುವ ತನ್ನ ಗಂಡನನ್ನು ಕಸ್ತೂರೆಮ್ಮ ಒಮ್ಮೆ ನೋಡಿದಳು, ತುಟಿ ಬಿಚ್ಚಲಿಲ್ಲ. ತವರುಮನೆಯಲ್ಲಿ ಗಂಡನ ಸುಳ್ಳು ಹೆಂಡತಿಯ ಮರ್ಯಾದೆ.

"ಬರೋಬರಿ ಆತು!" ಎಂದು ಚನ್ನವೀರ ಕೈ ತಟ್ಟಿದ. "ಇವತ್ತಿಗೆ ನಾಲ್ಕನೇ ರವಿವಾರ ಭಾಗ್ಯಕ್ಕ ಸಿಂಧನೂರಾಗ ಊರ ಮುಂದಿನ ಬಸವಣ್ಣಗ ಎಡಿ ಮಾಡಾಕಿ ಅದಾಳ. ನಾವೆಲ್ಲ ಹೋಗಾವರ. ನೀವು ನಾನು ಮಸ್ಕಿಯಿಂದ ಓಡಿಕೊಂತ ಹೋಗೂನು. ಇಪ್ಪತ್ತೆಂಟು ಕಿಲೋಮೀಟರ್. ಮುಂಜಾನಿ ಐದೂವರಿಗೆ ಬಿಡೂದು, ಹನ್ನೆರಡರ ಮಂಗಳಾರತಿಗೆ ಮುಟ್ಟೂದು."

"ಹನ್ನೆರಡಕ್ಕ?" ಎಂದಳು ಭಾಗ್ಯಶ್ರೀ. "ಹಂಗಾದ್ರ ನಾಲ್ಕಕ್ಕ ಎಡಿ ಇಡಾಕ ಹೇಳತೀನಿ. ಇಲ್ಲಾಂದ್ರ ಅಕ್ಷತಿ ಒಣಗತಾವು."

ಮನೆ ತುಂಬ ನಗು. ಅಮರಗುಂಡಪ್ಪನೂ ನಕ್ಕ. ಆದರೆ ಎಲೆಯ ಮುಂದೆ ಮಡಿಸಿದ್ದ ಅವನ ಕಾಲು ಕುಣಿಯಲಿಲ್ಲ, ಬಿಗಿಯಾಗಿ ನಿಂತಿತು. ಈ ಗಾದೆಯನ್ನು ಕೊಲ್ಲದೆ ತಾನು ಸಾಯುವುದಿಲ್ಲ ಎಂದು ಆ ಹೊತ್ತಿಗೆ ಅವನು ನಿಶ್ಚಯ ಮಾಡಿಕೊಂಡ. ಹನ್ನೆರಡರ ಒಳಗೆ ಬಸವಣ್ಣನ ಗುಡಿಯ ಮೆಟ್ಟಿಲ ಮೇಲೆ ತನ್ನ ಕಾಲು ಇರಬೇಕು, ಅಷ್ಟೇ.

ಬೂಟು ಬಂದವು. ಮರುದಿನ ಮಬ್ಬು ಹರಿಯುವ ಹೊತ್ತಿಗೆ ಅಮರಗುಂಡಪ್ಪ ಸಿಂಧನೂರು ರಸ್ತೆಗೆ ಇಳಿದ. ಒಂದು ಫರ್ಲಾಂಗು ಓಡಿರಬೇಕು, ಹಿಂದಿನಿಂದ ಮೊದಲನೇ ಖಾಸಗಿ ಬಸ್ಸು ಬಂತು. ಅವನನ್ನು ದಾಟಿತು. ನಿಂತಿತು. ಬಾಗಿಲಲ್ಲಿ ಕಂಡಕ್ಟರ್ ಗೋಪಣ್ಣ ಅರ್ಧ ಮೈ ಹೊರಗೆ ಹಾಕಿ ಕೂಗಿದ: "ಬರ್ರಿ ಸಾವ್ಕಾರ್ರ, ಜಲ್ದಿ! ನಿಮ್ಮ ಸಲುವಾಗಿ ನಿಲ್ಲಿಸೀನಿ!"

ಅಮರಗುಂಡಪ್ಪ ಉಸಿರಿಲ್ಲದೆ, ಹೋಗ್ರಿ ಹೋಗ್ರಿ ಎಂದು ಕೈ ಬೀಸಿದ. ಓಡುವ ಮನುಷ್ಯ ಕೈ ಬೀಸಿದರೆ ಬಿಟ್ಟು ಹೋಗಬೇಡಿ ಎಂದೇ ಅರ್ಥ. ಬಸ್ಸು ಹಿಂದಕ್ಕೆ ಬಂತು.

"ಮುಖಾ ನೋಡ್ರೆವ್ವಾ ಪಾಪ, ಎಷ್ಟ ದೂರದಿಂದ ಓಡಿ ಬಂದಾನೋ," ಎಂದಳು ಕಿಟಕಿಯ ಪಕ್ಕದ ಮುದುಕಿ. ಇಬ್ಬರು ಕೈ ಹಿಡಿದು ಒಳಗೆ ಎಳೆದರು. ಒಬ್ಬ ಎದ್ದು ಜಾಗ ಕೊಟ್ಟ. ಇಷ್ಟು ಪ್ರೀತಿಯಿಂದ ಕರೆದವರಿಗೆ ಇಲ್ಲ ಅನ್ನುವುದು ಹೇಗೆ?

"ಎಲ್ಲಿಗೆ?" ಎಂದ ಗೋಪಣ್ಣ.

"ಮುಂದಕ್ಕ."

"ಮುಂದಕ್ಕ ಅಂದ್ರ?"

"ಎಲ್ಲಿ ಮಂದಿ ಕಡಿಮಿ ಇರತಾರೋ, ಅಲ್ಲಿ ಇಳಸು ಮಾರಾಯಾ."

ಗೋಪಣ್ಣ ಅವನನ್ನು ನಾಲ್ಕು ಕಿಲೋಮೀಟರ್ ಆಚೆ ಕಾಲುವೆಯ ಸೇತುವೆಯ ಮೇಲೆ ಇಳಿಸಿದ. ಅಲ್ಲಿಂದ ಅಮರಗುಂಡಪ್ಪ ಮನೆಯ ಕಡೆಗೆ ಓಡಿದ, ನಿಂತ, ಕೆಮ್ಮಿದ, ಮತ್ತೆ ಓಡಿದ. ದಿನಾ ಇದೇ ಆಯಿತು. ಬಸ್ಸಿನವರು ಬಿಡಲೊಲ್ಲರು. ಬಸ್ಸು ತಪ್ಪಿಸಿಕೊಂಡರೆ ಮೋಟರ್ ಸೈಕಲ್ಲಿನವರು ಬಿಡಲೊಲ್ಲರು, ಗಾಡಿ ನಿಲ್ಲಿಸಿ, "ಹತ್ರೀ ಅಣ್ಣಾರ, ಯಾರಿಗೆ ಏನಾಗೈತಿ? ದವಾಖಾನಿಗೇನು?" ಎಂದು ಕೇಳುತ್ತಿದ್ದರು. ವಾರದ ಕೊನೆಗೆ ಲೆಕ್ಕ ಹಾಕಿದರೆ ಅವನು ಪರರ ಗಾಡಿಯಲ್ಲಿ ಓಡಿದ್ದೂ ಸ್ವಂತ ಕಾಲಿನಲ್ಲಿ ಓಡಿದ್ದೂ ಸಮಸಮ ಇತ್ತು.

ಒಂದು ಸಂಗತಿ ಮಾತ್ರ ರೈತರ ಕಣ್ಣಿಗೆ ಬಿತ್ತು. ಆ ವಾರ ಅಮರಗುಂಡಪ್ಪನ ಅಂಗಡಿಯ ತೂಕದ ಯಂತ್ರದಲ್ಲಿ ಅಂಕಿ ನಿಂತಲ್ಲೇ ನಿಂತಿತು.

ಎರಡನೇ ವಾರ ಸೇತುವೆಯ ಹತ್ತಿರ ಪೋಲೀಸ್ ವೀರೇಶ ಅಡ್ಡ ಬಂದ. ಸೇತುವೆಯ ಪಕ್ಕದಲ್ಲಿ ಪೀರ್‌ಬೀಯ ಚಹಾದಂಗಡಿ. ವೀರೇಶ ಬೆಳಗಿನ ಚಹಾ ಕುಡಿಯುತ್ತ ನಿಂತವನು ಕೈ ಅಡ್ಡ ಹಿಡಿದ.

"ಸಾವ್ಕಾರ್ರ, ನಿಂದರ್ರಿ. ಯಾಕ ಓಡತೀರಿ?"

"ಸುಮ್ನ."

"ಸುಮ್ನ ಯಾರರ ಓಡತಾರೇನ್ರಿ?" ವೀರೇಶ ರಸ್ತೆಯ ಹಿಂದೆ ನೋಡಿದ. "ಹಿಂದ ಯಾರರ ಬರಾಕತ್ತಾರೇನು?"

"ಇಲ್ಲ."

"ಮುಂದ ಯಾರರ ಓಡಿ ಹೋಗ್ಯಾರೇನು?"

"ಇಲ್ಲಪಾ."

"ಅಟ್ಟಿಸಿಕೊಂಡು ಬರಾವರೂ ಇಲ್ಲ, ನೀವು ಅಟ್ಟಿಸಿಕೊಂಡು ಹೋಗಾವರೂ ಇಲ್ಲ. ಮತ್ತ ಯಾಕ ಓಡತೀರಿ? ನಾಳಿ ಸಾಹೇಬ್ರು, ನಿನ್ನ ಮುಂದನ ಓಡಿ ಹೋದನಂತಲ್ಲ, ಕೇಳಿದಿಯೇನು ಅಂದ್ರ ನಾ ಏನ್ ಹೇಳಲಿ?"

ಅಮರಗುಂಡಪ್ಪನಿಗೆ ಕಾರಣ ಗೊತ್ತಿತ್ತು. ಆದರೆ ಹೋಳಿಗೆ ತಿನ್ನುವಾಗ ಹೇಳಿದ ಸುಳ್ಳಿನ ಸಲುವಾಗಿ ಓಡುತ್ತಿದ್ದೇನೆಂದು ಸರ್ಕಾರದ ಮುಂದೆ ಹೇಳುವುದು ಹೇಗೆ? ಉಸಿರು ಹತ್ತಿತ್ತು, ಮೈ ಬೆವೆತಿತ್ತು, ಕಾಲು ಮುಂದಕ್ಕೆ ಎಳೆಯುತ್ತಿತ್ತು. ಬಾಯಿಗೆ ಬಂದದ್ದನ್ನು ಅಂದ:

"ಹರಕಿ ಐತಿ ತಮ್ಮಾ. ಸಿಂಧನೂರು ಬಸವಣ್ಣಗ. ಮುಂದಿನ ರವಿವಾರದ ಮುಂದಿನ ರವಿವಾರ ಅಲ್ಲೀತನಕ ಓಡಿ ಹೋಗಬೇಕು. ಅದರದ ರೂಢಿ ಮಾಡಾಕತ್ತೀನಿ."

ವೀರೇಶ ಟೋಪಿ ತೆಗೆದ. ಪೀರ್‌ಬೀ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಯಾ ಅಲ್ಲಾ! ಮೊದಲ ಹೇಳಬಾರದೇನಪ್ಪಾ? ನಾ ಎಂಟು ದಿನದಿಂದ ನೋಡಾಕತ್ತೀನಿ, ಹೆಂಡತಿ ಬಡದು ಹೊರಗ ಹಾಕ್ಯಾಳ ಅಂತ ತಿಳಿದಿದ್ದೆ." ಅವಳು ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದಳು. "ರಸ್ತಾ ಅಗಲ ಮಾಡತಾರಂತ. ನನ್ನ ಅಂಗಡಿ ಉಳೀಲಿ ಅಂತ ದರ್ಗಾಕ್ಕ ಸಕ್ಕರಿ ಓದಿಸೀನಿ. ಬಸವಣ್ಣಗೂ ಒಂದು ಕಾಯಿ ಒಡಸು. ಎರಡೂ ಕಡೀ ಇರಲಿ."

ನಮ್ಮ ಕಡೆ ಇದೊಂದು ಪದ್ಧತಿ. ಹರಕೆ ಹೊತ್ತು ಹೊರಟವನ ಕೈಯಲ್ಲಿ, ಹೋಗಲಾರದವರು ತಮ್ಮ ಕಾಯಿಯನ್ನೂ ಕೊಡುತ್ತಾರೆ. ಹೆಸರು, ಬೇಡಿಕೆ ಬರೆದ ಚೀಟಿಯನ್ನು ಜುಟ್ಟಿಗೆ ಕಟ್ಟುತ್ತಾರೆ. ಹೊತ್ತವನು ಇಲ್ಲ ಅನ್ನುವಂತಿಲ್ಲ. ವೀರೇಶ ಸಂಜೆಯೇ ತನ್ನ ಕಾಯಿ ತಂದುಕೊಟ್ಟ. ಅವನಿಗೆ ಸ್ವಂತ ಊರಿಗೆ ವರ್ಗ ಆಗಬೇಕಿತ್ತು. ಗೋಪಣ್ಣ ಕಾಯಿ ತಂದ. ಬಸ್ಸಿನ ಎಂಜಿನ್ನು ಇನ್ನೊಂದು ವರ್ಷ ತಡೆಯಬೇಕಿತ್ತು. ಪಕ್ಕದ ಮನೆಯ ರೇಣುಕಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿ, ತಾನೂ ಒಂದು ಕಾಯಿ ಹಿಡಿದು ಬಂದಳು. ಅವಳ ಅಳಿಯ ಹಟ್ಟಿ ಚಿನ್ನದ ಗಣಿಯಲ್ಲಿ. ಅವನಿಗೆ ಹಗಲು ಪಾಳಿಯೇ ಸಿಗಲಿ ಎಂದು. ಸುದ್ದಿ ಓದಿದ ಓಣಿಯ ಇನ್ನೂ ಆರು ಮನೆಯವರು ಕಾಯಿ ತಂದುಕೊಟ್ಟರು.

"ಒಂದು ಮಾತು ನೆನಪಿರಲಿ ಅಣ್ಣಾರ," ಎಂದಳು ರೇಣುಕಮ್ಮ. "ಹರಕಿ ಕಾಯಿ ಹೊತ್ತವರು ಗಾಡಿ ಹತ್ತಬಾರದು. ಕಾಯಿ ನೆಲಕ್ಕ ಇಡಬಾರದು. ನಮ್ಮ ದೊಡ್ಡಪ್ಪ ಒಬ್ಬ ಹಿಂಗ ಮಾಡಿದ್ದ, ಅವಗ ಏನಾತು ಅಂತ ನಾ ಹೇಳೂದಿಲ್ಲ."

ಏನಾಯಿತೆಂದು ಅವಳು ಹೇಳಿದ್ದರೆ ಅಮರಗುಂಡಪ್ಪ ಅಷ್ಟು ಹೆದರುತ್ತಿರಲಿಲ್ಲ. ಅದೂ ಅಲ್ಲದೆ, ಹತ್ತು ಕಿಲೋಮೀಟರ್ ಓಡಿ, ಕಾಲು ಉಳುಕಿತೆಂದು ಗೋಪಣ್ಣನ ಬಸ್ಸು ಹತ್ತಿ, ಹನ್ನೊಂದಕ್ಕೇ ಗುಡಿಯ ಮೆಟ್ಟಿಲ ಮೇಲೆ ಕೂರುವುದು ಅವನ ಗುಟ್ಟಿನ ಹಂಚಿಕೆಯಾಗಿತ್ತು. ಇಷ್ಟು ದಿನ ಬಿಡು ಎಂದರೂ ಬಿಡದ ಬಸ್ಸು ಈಗ ಬೇಕೆಂದರೂ ಇಲ್ಲವಾಯಿತು.

ರೇಣುಕಮ್ಮ ಹೋದ ಮೇಲೆ ಕಸ್ತೂರೆಮ್ಮ ಗಂಡನ ಎದುರು ಬಂದು ನಿಂತಳು.

"ಖರೇ ಹೇಳ್ರಿ. ಏನ್ ಜಡ್ಡು ನಿಮಗ?"

"ಜಡ್ಡೂ ಇಲ್ಲ ಗಿಡ್ಡೂ ಇಲ್ಲ. ನಿನಗ ಗೊತ್ತೈತೆಲ್ಲ, ನಿನ್ನ ತಮ್ಮನ ಮಾತಿಗೆ ಓಡಾಕತ್ತೀನಿ."

"ಅವನ ಮಾತಿಗೆ ನೀವು ಓಡೂದಾ? ಇಪ್ಪತ್ತನಾಕು ವರ್ಷ ಅವರು ಆಡಿಕೊಂಡ್ರ ನೀವು ಅವರಕಿಂತಾ ಜೋರ ನಕ್ಕೀರಿ. ಈಗ ಒಮ್ಮಿಗೇ ಸಿಟ್ಟು ಬಂತೇನು? ಯಾರ ಮುಂದ ಹೇಳತೀರಿ ಇದನ್ನ?" ಅವಳು ಅವನ ಹಣೆ ಮುಟ್ಟಿ ನೋಡಿದಳು. "ಏನೋ ಮುಚ್ಚಿಟ್ಟೀರಿ. ಸಕ್ಕರಿ ಕಾಯಿಲೇನಾ? ಎದಿ ಬ್ಯಾನೇನಾ? ಕೂತಲ್ಲಿ ಕಾಲು ಅಲ್ಲಾಡಸಾವ ನೀವು, ಈಗ ಅದೂ ನಿಂತೈತಿ. ನನಗ ಭಾಳ ಹೆದರಿಕಿ ಆಗೈತಿ."

ನಿಜ ಹೇಳಿದರೆ ಹೀಗೆ. ಅಮರಗುಂಡಪ್ಪನ ಬಾಯಿಂದ ಬಂದ ಸುಳ್ಳನ್ನು ಊರೆಲ್ಲ ನಂಬಿತು, ನಿಜವನ್ನು ಒಬ್ಬಳೂ ನಂಬಲಿಲ್ಲ.

ರವಿವಾರ ಬಂತು. ಕಸ್ತೂರೆಮ್ಮ ಎಡೆಯ ಕೆಲಸಕ್ಕೆಂದು ಹಿಂದಿನ ದಿನವೇ ತಂಗಿಯ ಮನೆಗೆ ಹೋಗಿದ್ದಳು. ಐದೂವರೆಗೆ ಚನ್ನವೀರ ಹೊಳೆಯುವ ಬನಿಯನ್ನು ತೊಟ್ಟು, ಕೈಗೆ ಚಿಂವ್ ಅನ್ನುವ ಗಡಿಯಾರ ಕಟ್ಟಿಕೊಂಡು ನಿಂತಿದ್ದ. ಓಣಿಯ ಹೆಂಗಸರು ಅವನ ಕಡೆ ನೋಡಲಿಲ್ಲ. ರೇಣುಕಮ್ಮ ಅಮರಗುಂಡಪ್ಪನ ಬೆನ್ನಿಗೆ ಕಾಯಿಯ ಚೀಲ ಕಟ್ಟಿ, "ಹನ್ನೊಂದು ಅದಾವ ನೋಡ್ರಿ," ಎಂದಳು. ಹತ್ತು ಎಂದು ಅಮರಗುಂಡಪ್ಪನ ಲೆಕ್ಕ. ಇಂಥ ಹೊತ್ತಿನಲ್ಲಿ ಲೆಕ್ಕ ಯಾರಿಗೆ ಬೇಕು?

ಓಟ ಶುರುವಾಯಿತು. ಬೆನ್ನಿನ ಮೇಲೆ ಹನ್ನೊಂದು ಕಾಯಿ ಲೊಟಲೊಟ ಬಡಿದುಕೊಳ್ಳುತ್ತಿದ್ದವು. ವಾಟ್ಸಾಪ್ ಸುದ್ದಿ ಅವರಿಗಿಂತ ಮುಂದೆ ಓಡಿತ್ತು. ಮೊದಲ ಹಳ್ಳಿಯಲ್ಲೇ ಹೆಂಗಸರು ಕೊಡ ಹಿಡಿದು ನಿಂತಿದ್ದರು, ಹರಕೆಯವರ ಕಾಲಿಗೆ ನೀರು ಹಾಕಲು. ಒಬ್ಬಳು ಬೂಟು ನೋಡಿ ಹೌಹಾರಿದಳು.

"ಕೆರವು ಹಾಕ್ಕೊಂಡು ಹರಕಿಗೆ ಹೊಂಟೀಯೇನೋ ಯಣ್ಣಾ?"

"ಇದು ಚರ್ಮದ್ದಲ್ಲವ್ವಾ, ಪ್ಲಾಸ್ಟಿಕ್ಕು."

"ಕಾಲಿಗೆ ಹಾಕ್ಕೊಂಡಿದ್ದು ಬಂಗಾರಿದ್ರೂ ಕೆರವ. ತಗೀ."

ತೆಗೆದ. ಹರಕೆಯವನು ಕೆರವು ಹೊರಬಾರದೆಂದು ಎರಡೂ ಬೂಟಿನ ದಾರ ಕೂಡಿಸಿ ಚನ್ನವೀರನ ಕೊರಳಿಗೆ ಹಾಕಿದರು. "ನೀ ಸೇವಾ ಮಾಡಾಕ ಬಂದೀಯಲ್ಲ, ಬರೇ ಕೈಲೆ ಹೋಗಬ್ಯಾಡ." ಮೆಡಲು ತೂಗಬೇಕಾದ ಕೊರಳಿನಲ್ಲಿ ಅಕ್ಕನ ಗಂಡನ ಬೂಟು ತೂಗಿದವು.

"ನಾ ಸೇವಾ ಮಾಡಾವಲ್ಲರೀ, ನಾನೂ ಓಡಾವ. ಹುಬ್ಬಳ್ಳ್ಯಾಗ..." ಎಂದ ಚನ್ನವೀರ.

"ಹೂಂ ಹೂಂ, ಓಡು. ಸಾವ್ಕಾರ್ರ ಹಿಂದ ಹಿಂದ ಓಡು."

ಆಮೇಲೆ ಬಂತು ಪ್ರಸಾದ. ಒಂದು ಊರಲ್ಲಿ ಶಿರಾ, ಮುಂದಿನ ಊರಲ್ಲಿ ಮಂಡಕ್ಕಿಯ ಸೂಸಲ ಮತ್ತು ಮಿರ್ಚಿ, ಅದರ ಮುಂದೆ ಮೊಸರನ್ನ, ಬಾಳೆಹಣ್ಣು. ಹರಕೆಗೆಂದು ಕೊಟ್ಟದ್ದನ್ನು ಬೇಡ ಅನ್ನಬಾರದು. ಇಲ್ಲಿ ಮಾತ್ರ ಅಮರಗುಂಡಪ್ಪನ ತಲೆ ಜೀವಮಾನದಲ್ಲಿ ಒಂದೇ ಸಲ ಹೊತ್ತಿಗೆ ಸರಿಯಾಗಿ ಓಡಿತು.

"ನಂದು ಇವತ್ತು ಒಪ್ಪತ್ತು ಐತ್ರೆವ್ವಾ. ನೀರು, ಮಜ್ಜಿಗಿ ಅಷ್ಟ. ನನ್ನ ಪಾಲಿಂದು ಇವಗ ಕೊಡ್ರಿ."

ಕೊಟ್ಟರು. ತಿನ್ನುವವರೆಗೂ ಸುತ್ತ ನಿಂತು ನೋಡಿದರು. ಇಬ್ಬರ ಪಾಲು ಒಬ್ಬನ ಹೊಟ್ಟೆಗೆ ಹೋಯಿತು. ಹದಿನಾಲ್ಕನೇ ಕಿಲೋಮೀಟರಿನ ಕಲ್ಲಿನ ಹತ್ತಿರ ಚನ್ನವೀರ ಹೊಟ್ಟೆ ಹಿಡಿದು ಕೂತ. ಗಡಿಯಾರ ಚಿಂವ್ ಚಿಂವ್ ಎಂದು ಬೈಯುತ್ತಿತ್ತು.

"ಏಳಪಾ ಚನ್ನವೀರ. ಓಡಾಕ ಉದ್ದೇಶ ಬೇಕು ಅಂತಿದ್ದಿ?"

"ಉದ್ದೇಶ ಐತಿ ಮಾಮಾ. ಹೊಟ್ಟಿ ಒಲ್ಲೆ ಅನ್ನಾಕತ್ತೈತಿ."

ಎಂದಿನಂತೆ ಗೋಪಣ್ಣನ ಬಸ್ಸು ಬಂತು, ಎಂದಿನಂತೆ ನಿಂತಿತು. ಈ ಸಲ ಗೋಪಣ್ಣ ಅಮರಗುಂಡಪ್ಪನಿಗೆ ಕೈ ಮುಗಿದ. ಚನ್ನವೀರನನ್ನು ಕಾಳಿನ ಚೀಲದಂತೆ ಎತ್ತಿ ಒಳಗೆ ಹಾಕಿಕೊಂಡ. ಬಸ್ಸು ಮರೆಯಾದ ಮೇಲೆ ಅಮರಗುಂಡಪ್ಪನಿಗೆ ನೆನಪಾಯಿತು: ಬೂಟು ಚನ್ನವೀರನ ಕೊರಳಲ್ಲೇ ಇದ್ದವು.

ಇನ್ನು ಹದಿನಾಲ್ಕು ಕಿಲೋಮೀಟರ್. ಬರಿಗಾಲು. ಎಡಕ್ಕೂ ಬಲಕ್ಕೂ ಭತ್ತದ ಗದ್ದೆ. ಓಡಿದ, ನಡೆದ, ಮತ್ತೆ ಓಡಿದ. ಚನ್ನವೀರನೇ ಸೋತ ಮೇಲೆ ತಾನು ಸೋತರೆ ಯಾರೂ ನಗುವುದಿಲ್ಲ ಎಂದು ತಲೆ ಹೇಳಿತು. ಕಾಲು ಕೇಳಲಿಲ್ಲ. ಗೊರೇಬಾಳದ ಹತ್ತಿರ ಬೆನ್ನು ಬಿದ್ದುಹೋಗುತ್ತದೆ ಅನ್ನಿಸಿ, ನೆಲಕ್ಕಿಡಬಾರದಾದ್ದರಿಂದ ಚೀಲವನ್ನು ಬೇವಿನ ಟೊಂಗೆಗೆ ತೂಗುಹಾಕಿದ. ಅದು ಓಲಾಡಿದ ಹೊಡೆತಕ್ಕೆ ಒಂದು ಕಾಯಿ ಜಾರಿತು. ಎರಡೂ ಕೈಯಲ್ಲಿ ಹಿಡಿದ. ಅದರ ಚೀಟಿ ಬಿಚ್ಚಿಕೊಂಡಿತ್ತು. ದುಂಡಗಿನ ಅಕ್ಷರ, ಮನೆಯ ಕಿರಾಣಿ ಚೀಟಿಯಲ್ಲಿ ದಿನಾ ನೋಡುವ ಅಕ್ಷರ.

"ಬಸವಣ್ಣ, ಇವರು ಏನು ಜಡ್ಡು ಮುಚ್ಚಿಟ್ಟಾರೋ ನಿನಗ ಗೊತ್ತು. ಅದು ಹೋಗಲಿ. ಈ ಓಟ ಇವತ್ತಿಗೆ ನಿಂದರಲಿ. ಕಸ್ತೂರಿ, ಮಸ್ಕಿ."

ಅಮರಗುಂಡಪ್ಪ ಬೇವಿನ ಕೆಳಗೆ ನಿಂತುಬಿಟ್ಟ. ಹನ್ನೊಂದನೇ ಕಾಯಿ ಇದು, ರೇಣುಕಮ್ಮನ ಕೈಯಲ್ಲಿ ಕೊಟ್ಟು ಹೋಗಿರಬೇಕು. ತನ್ನ ಓಟ ನಿಲ್ಲಲಿ ಎಂಬ ಕಾಯಿಯನ್ನು ತಾನೇ ಹೊತ್ತು ಇಪ್ಪತ್ತೊಂದು ಕಿಲೋಮೀಟರ್ ಓಡಿ ಬಂದಿದ್ದ. ಈಗ ಇದನ್ನು ಮುಟ್ಟಿಸಿದರೆ ನಾಳೆ ಬೆಳಿಗ್ಗೆ ಕಾಲುವೆಯ ಸೇತುವೆ ಇಲ್ಲ, ಮೈಯ ಬೆವರಿಗೆ ಬಡಿಯುವ ಗದ್ದೆಯ ಗಾಳಿ ಇಲ್ಲ. ಗಲ್ಲಾ, ಮೇಜು, ಕುಣಿಯುವ ಬಲಗಾಲು. ಮುಟ್ಟಿಸದಿದ್ದರೆ ನಂಬಿ ಕೊಟ್ಟವಳಿಗೆ ದ್ರೋಹ. ದೊಡ್ಡಪ್ಪನಿಗೆ ಏನಾಯಿತೋ ಏನೋ.

ಕಾಯಿಯನ್ನು ಟವೆಲ್ಲಿನಲ್ಲಿ ಸುತ್ತಿ ಬೇರೆಯಾಗಿ ಸೊಂಟಕ್ಕೆ ಕಟ್ಟಿದ. ಉಳಿದ ಹತ್ತನ್ನು ಬೆನ್ನಿಗೆ ಏರಿಸಿದ. "ಡಾಂಬರು ಸುಡತೈತ್ರೀ ಸಾವ್ಕಾರ್ರ, ಕಾಲುವಿ ಏರಿ ಮ್ಯಾಲಿಂದ ಹೋಗ್ರಿ, ಮೆತ್ತಗೈತಿ," ಎಂದು ಗೊರೇಬಾಳದವರು ದಾರಿ ತೋರಿಸಿದರು. ಕಾಲುವೆಯ ಏರಿ ಹಿಡಿದು ಓಡಿದ.

ಊರ ಮುಂದಿನ ಬಸವಣ್ಣನ ಗುಡಿ ಮುಟ್ಟಿದಾಗ ಹನ್ನೊಂದೂ ನಲವತ್ತು. ಮೆಟ್ಟಿಲ ಮೇಲೆ ಕಾಲಿಟ್ಟು ಸುತ್ತ ನೋಡಿದ. ಯಾರೂ ಇಲ್ಲ. ಎಡೆಯ ಪಾತ್ರೆಗಳು ಇದ್ದವು, ಚಾಪೆ ಇತ್ತು, ಚನ್ನವೀರನ ಜೊತೆ ಬಂದ ಬೂಟು ಇದ್ದವು, ಮಂದಿ ಇರಲಿಲ್ಲ.

"ನಿಮ್ಮವರೆಲ್ಲ ಎರಡು ಆಟೋ ಮಾಡಿಕೊಂಡು ನಿಮ್ಮನ್ನ ಹುಡುಕಾಕ ಹೋಗ್ಯಾರಪ್ಪಾ," ಎಂದರು ಗುಡಿಯ ಅಯ್ಯನವರು. "ಅಂವ ಹೊಟ್ಟಿನೋವಿನಾವ ಬಂದು, ನೀವು ರಸ್ತಾದಾಗ ಎಲ್ಲಿ ಬಿದ್ದೀರೋ ಅಂದ. ಹೆಣ್ಣಮಗಳು ಒಬ್ಬಾಕಿ ಭಾಳ ಅತ್ತಳು."

ಹನ್ನೆರಡರ ಗಂಟೆ ಹೊಡೆಯಿತು. ಬಸವಣ್ಣ ಯಾರಿಗೂ ಕಾಯುವವನಲ್ಲ. ಅಯ್ಯನವರು ಮಂಗಳಾರತಿ ಎತ್ತಿದರು. ಒಂದೊಂದೇ ಹೆಸರು ಓದಿ ಕಾಯಿ ಒಡೆದರು: ಪೀರ್‌ಬೀಯ ಅಂಗಡಿ, ವೀರೇಶನ ವರ್ಗ, ಗೋಪಣ್ಣನ ಎಂಜಿನ್ನು, ರೇಣುಕಮ್ಮನ ಅಳಿಯನ ಹಗಲು ಪಾಳಿ. ಹತ್ತಾಯಿತು.

"ಮುಗದ್ವೇನು?"

"ಮುಗದ್ವರಿ," ಎಂದ ಅಮರಗುಂಡಪ್ಪ, ಸೊಂಟದ ಟವೆಲ್ಲನ್ನು ಮೊಣಕೈಯಿಂದ ಒತ್ತಿ ಹಿಡಿದು.

"ನಿನ್ನ ಹೆಸರಿಂದು ಯಾವುದೂ ಬರಲಿಲ್ಲಲ್ಲೋ? ನೀ ಏನ್ ಬೇಡಿಕೊಂಡು ಓಡಿ ಬಂದಿ?"

ಅಮರಗುಂಡಪ್ಪ ತಲೆ ತುರಿಸಿಕೊಂಡ. ಮಂದಿಗೆಲ್ಲ ಒಂದೊಂದು ಕಾರಣ ಇತ್ತು, ಎಲ್ಲವನ್ನೂ ಅವನೇ ಹೊತ್ತಿದ್ದ. ಸ್ವಂತದ್ದು ಹುಡುಕಿದರೆ ಸಿಗಲಿಲ್ಲ.

"ನಂದೇನೂ ಇಲ್ರೀ ಅಜ್ಜಾರ. ಬರೇ ಓಡಿ ಬಂದೀನಿ."

ಅಯ್ಯನವರು ಅವನನ್ನೂ ಬಸವಣ್ಣನನ್ನೂ ಒಮ್ಮೆ ನೋಡಿದರು. "ಹಂಗೂ ಇರತೈತೇನು?" ಎಂದು ಎರಡು ಹೋಳು ಕೊಬ್ಬರಿ ಹೆಚ್ಚಿಗೆ ಕೊಟ್ಟರು.

ಹನ್ನೆರಡೂ ಇಪ್ಪತ್ತೈದಕ್ಕೆ ಎರಡು ಆಟೋ ಬಂದು ನಿಂತವು. ಭಾಗ್ಯಶ್ರೀ ಇಳಿದಳು, ಬಾಡಿದ ಮುಖದ ಚನ್ನವೀರ ಇಳಿದ, ಲಿಂಗಸುಗೂರಿನ ಇಡೀ ಬಳಗ ಇಳಿಯಿತು. ಡಾಂಬರು ರಸ್ತೆಯ ಮೇಲೆ ಗೊರೇಬಾಳ ದಾಟಿ ಹೋಗಿ, ಪ್ರತಿ ಮರದ ಕೆಳಗೆ ನೋಡಿ, ಸೋತು ಬಂದಿದ್ದರು. ಗುಡಿಯ ಮೆಟ್ಟಿಲ ಮೇಲೆ ಅಮರಗುಂಡಪ್ಪ ಕಾಲ ಮೇಲೆ ಕಾಲು ಹಾಕಿ ಕೂತು ಕೊಬ್ಬರಿ ತಿನ್ನುತ್ತಿದ್ದ. ಇಪ್ಪತ್ತನಾಲ್ಕು ವರ್ಷದಿಂದ ಕಾದಿದ್ದ ಮಾತು; ಅವಸರ ಮಾಡಲಿಲ್ಲ. ಬಾಯಲ್ಲಿದ್ದುದನ್ನು ಪೂರಾ ನುಂಗಿದ.

"ಬರ್ರಿ, ಬರ್ರಿ," ಎಂದ. "ಮಂಗಳಾರತಿ ಆಗಿ ಭಾಳ ಹೊತ್ತಾತು. ಅಕ್ಷತಿ ಒಣಗಿ ಹೋದವು."

ಮೊದಲು ನಕ್ಕವರು ಆಟೋದವರು.

ಕಸ್ತೂರೆಮ್ಮ ನಗಲಿಲ್ಲ. ಗಂಡನ ಕಾಲಿನ ಬೊಬ್ಬೆ ನೋಡಿದಳು, ಮುಖ ನೋಡಿದಳು. ಕಣ್ಣೊರೆಸಿಕೊಂಡು, "ಕಾಯಿ ಎಲ್ಲಾ ಒಡಸಿದ್ರೇನು?" ಎಂದಳು.

"ಒಡಸಿದ್ನಿ."

"ಎಷ್ಟಿದ್ವು?"

"ಹತ್ತು."

ಅವಳು ಬೆರಳ ಮೇಲೆ ಏನೋ ಎಣಿಸಿದಳು. ಎಡೆಯ ಪಾತ್ರೆಗಳ ಕಡೆ ತಿರುಗಿದಳು.

ಎರಡು ದಿನ ಅಮರಗುಂಡಪ್ಪ ಗೋಡೆ ಹಿಡಿದು ನಡೆದ. ಮೂರನೇ ದಿನ ಮುಂಜಾನೆ ಕಸ್ತೂರೆಮ್ಮ ರೊಟ್ಟಿಯ ಹಿಟ್ಟು ಕಲಸುತ್ತಿದ್ದಾಗ ಬೂಟಿನ ಸಪ್ಪಳ ಕೇಳಿಸಿತು.

"ಹರಕಿ ಮುಗೀತಲ್ಲ. ಇನ್ಯಾಕ?"

ಅಮರಗುಂಡಪ್ಪ ಮನೆಯ ಮೂಲೆಯಲ್ಲಿ ಪೇರಿಸಿದ್ದ ಬೀಜದ ಪೊಟ್ಟಣಗಳ ಹಿಂದಿನಿಂದ ಟವೆಲ್ಲಿನ ಗಂಟು ತೆಗೆದ. "ಒಂದು ಕಾಯಿ ಉಳದೈತಿ. ಮಂದಿದು, ಬಿಡಾಕ ಬರಂಗಿಲ್ಲ."

ಕಸ್ತೂರೆಮ್ಮ ಕಾಯಿಯನ್ನು ಕೈಯಲ್ಲಿ ತಿರುಗಿಸಿದಳು. ಮೂರು ಬೆರಳಿನ ಕುಂಕುಮ, ತನ್ನದೇ ಬೆರಳಿನ ಗುರುತು.

"ಯಾರದಿದು?"

"ಯಾರದೋ ಏನೋ. ಚೀಟಿ ಎಲ್ಲೋ ಬಿದ್ದು ಹೋಗೈತಿ."

"ಏನು ಬೇಡಿಕೊಂಡಿದ್ರೋ ಪಾಪ."

"ಹೂಂ. ಜಡ್ಡು-ಗಿಡ್ಡು ಹೋಗಲಿ ಅಂತಿರಬೇಕು. ಅದು ಹೋಗೈತಿ ಅಂತ ಕಾಣತೈತಿ."

ಅವಳು ಕಾಯಿಗೆ ಅಂಟಿದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಅದನ್ನು ಒಯ್ದು ದೇವರ ಜಗಲಿಯ ಮೇಲೆ ಇಟ್ಟಳು. "ಇದು ಇಲ್ಲೇ ಇರಲಿ. ಬೆನ್ನಿಗೆ ಹೊತ್ತು ಓಡಿದ್ರ ನಡ ನೋಯತೈತಿ. ಹೋಗಿ ಬರ್ರಿ. ತಡ ಆದ್ರ ಆಗಲಿ."

ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಈ ಮಾತು ಯಾರೂ ಆಡಿರಲಿಲ್ಲ. ಅವಳು ಮನಸ್ಸು ಬದಲಿಸುವ ಮೊದಲೇ ಅಮರಗುಂಡಪ್ಪ ರಸ್ತೆಗೆ ಬಿದ್ದ.

ಒಂದು ಫರ್ಲಾಂಗು ಓಡಿರಬೇಕು, ಹಿಂದಿನಿಂದ ಮೊದಲನೇ ಬಸ್ಸು ಬಂತು. ಅವನನ್ನು ದಾಟಿತು. ಸದ್ಯ, ನಿಲ್ಲಲಿಲ್ಲ. ಇನ್ನೂ ಮುಂದೆ ಹೋಯಿತು, ಬಹಳ ದೂರ ಹೋದ ಮೇಲೆ ಹೇಗೋ ನಿಂತಿತು, ಮತ್ತೆ ಗೊರಗೊರ ಹಿಂದಕ್ಕೆ ಬಂತು. ಬಾಗಿಲಲ್ಲಿ ಗೋಪಣ್ಣ. ಅವನ ಕೈಯಲ್ಲಿ ಜುಟ್ಟಿಗೆ ಚೀಟಿ ಕಟ್ಟಿದ ತೆಂಗಿನಕಾಯಿ.

"ಸಾವ್ಕಾರ್ರ, ಎಂಜಿನ್ ಪಸಂದ್ ಆಗೈತಿ!" ಎಂದು ಕೂಗಿದ. "ಈಗ ಬ್ರೇಕಿಂದು ಒಂದು ಹಿಡೀರಿ!"

ಅಮರಗುಂಡಪ್ಪ ನಿಲ್ಲಲಿಲ್ಲ. ಓಡುತ್ತಲೇ ಕೈ ಚಾಚಿ ಕಾಯಿ ಇಸಕೊಂಡು ಬಗಲಲ್ಲಿ ಇರುಕಿದ. ಬ್ರೇಕು ಹಿಡಿಯದ ಬಸ್ಸು ಮುಂದೆ, ಬ್ರೇಕು ಬೇಡವಾದ ಅಮರಗುಂಡಪ್ಪ ಹಿಂದೆ. ಸಿಂಧನೂರು ರಸ್ತೆಯ ಮೇಲೆ ಬೆಳಕು ಹರಿಯಿತು.